ಗಂಜ್‌ನ ಅಡತ್ ಅಂಗಡಿಗೆ ಕಂಪ್ಯೂಟರ್: 40 ಸಾವಿರದೊಳಗೆ ಯಾವುದು ತಗೊಳ್ಳಲಿ?

ಗಂಜ್ ಲೆಕ್ಕ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನೆಹರೂ ಗಂಜ್‌ನಲ್ಲಿ (ಕಾಳುಕಡಿ ಮಾರುಕಟ್ಟೆ) ನಮ್ಮದೊಂದು ಸಣ್ಣ ಅಡತ್ ಅಂಗಡಿ ಇದೆ. ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡೋದು ನಮ್ಮ ಕೆಲಸ. ತೊಗರಿ ಜಾಸ್ತಿ, ಕಡಲೆ, ಹೆಸರು, ಉದ್ದು ಸ್ವಲ್ಪ. ಅಂಗಡಿ ಅಪ್ಪನದು, ಲೆಕ್ಕ ನನ್ನದು. ಈಗ ಒಂದು ಹೊಸ ಕಂಪ್ಯೂಟರ್ ತಗೊಳ್ಳಬೇಕು. ಮೂರು ವಾರದಿಂದ ಸೂಪರ್ ಮಾರ್ಕೆಟ್ ಕಡೆ ತಿರುಗಿ ತಲೆ ಕೆಟ್ಟಿದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಈಗಿರುವ ಡಬ್ಬ 2012ರದ್ದು. ವಿಂಡೋಸ್ 7, 32 ಬಿಟ್, 2 ಜಿಬಿ ರ‍್ಯಾಮ್. ಅದಕ್ಕೆ ಎರಡೇ ಕೆಲಸ. ಒಂದು ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್, ಅದೂ ಹಳೇ ಇಆರ್‌ಪಿ 9. ಇನ್ನೊಂದು ಪಟ್ಟಿ ಸಾಫ್ಟ್‌ವೇರ್. ಪಟ್ಟಿ ಅಂದರೆ ಮಾಲು ಮಾರಿದ ಮೇಲೆ ರೈತನಿಗೆ ಕೊಡೋ ಲೆಕ್ಕದ ಚೀಟಿ. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ಬೇಕಿಲ್ಲ. ಯಾರೋ ಫಾಕ್ಸ್‌ಪ್ರೋದಲ್ಲಿ ಬರೆದುಕೊಟ್ಟದ್ದು. ಬರೆದವರು ಈಗ ಊರಲ್ಲಿಲ್ಲ. ಆದರೆ ಅದರಷ್ಟು ಚುರುಕು ಬೇರೆ ಯಾವುದೂ ಇಲ್ಲ. ರೈತನ ಹೆಸರಿನ ಮೂರು ಅಕ್ಷರ, ಎಂಟರ್. ಚೀಲ, ಎಂಟರ್. ತೂಕ, ಎಂಟರ್. ದರ, ಎಂಟರ್. ಹಮಾಲಿ (ಚೀಲ ಹೊರುವ ಕೂಲಿ) ಅದೇ ಕಳೆಯುತ್ತದೆ. ಪಕ್ಕದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರ್ರ್ ಅಂತ ಎರಡು ಪ್ರತಿ ಹೊಡೆಯುತ್ತದೆ. ಪ್ರಿಂಟರ್‌ಗೆ ಯುಎಸ್‌ಬಿ ಇಲ್ಲ. ಕಂಪ್ಯೂಟರ್ ಹಿಂದೆ 25 ಪಿನ್‌ನ ಅಗಲ ಪ್ಲಗ್, ಎರಡು ಕಡೆ ಸ್ಕ್ರೂ ತಿರುಗಿಸೋದು, ಅದು.

ಕಳೆದ ಸಂಕ್ರಾಂತಿ ಮುಗಿದ ಮೂರನೇ ದಿನ. ಆವಕ ಜೋರಿತ್ತು. ಟೆಂಡರ್ ಆಗಿ, ತೂಕ ಆಗಿ, ಸಂಜೆ ನಾಲ್ಕೂವರೆಗೆ ಇನ್ನೂ 31 ರೈತರ ಪಟ್ಟಿ ಬಾಕಿ. ಕರೆಂಟ್ ಹೋಯಿತು, ಎರಡೇ ನಿಮಿಷಕ್ಕೆ ಬಂತು. ಕಂಪ್ಯೂಟರ್ ಮಾತ್ರ ಬರಲಿಲ್ಲ. ಹಾರ್ಡ್ ಡಿಸ್ಕ್ ಒಳಗಿಂದ ಟಕ್, ಟಕ್, ಟಕ್ ಅಂತ ಸದ್ದು. ಅಪ್ಪ ಏನೂ ಅನ್ನಲಿಲ್ಲ. ಗಲ್ಲಾ ಕೆಳಗಿಂದ ಹಳೇ ಪಟ್ಟಿ ಪುಸ್ತಕ ತೆಗೆದು, ನಡುವೆ ಕಾರ್ಬನ್ ಹಾಳೆ ಇಟ್ಟು, ಬರೆಯೋಕೆ ಶುರು ಮಾಡಿದರು. ನಾನು ಕ್ಯಾಲ್ಕ್ಯುಲೇಟರ್ ಹಿಡಿದು ಪಕ್ಕ ಕೂತೆ. ಅಫಜಲಪುರ ಕಡೆಯ ಇಬ್ಬರಿಗೆ ಬಸ್ಸು ತಪ್ಪಿ, ಅಂಗಡಿ ಕಟ್ಟೆ ಮೇಲೆಯೇ ಮಲಗಿದರು. ಎಲ್ಲ ಮುಗಿದಾಗ ಒಂಬತ್ತೂಕಾಲು. ಮರುದಿನ ತಾಳೆ ನೋಡಿದರೆ ನಾಲ್ಕು ಪಟ್ಟಿಯಲ್ಲಿ ಹಮಾಲಿ ಎರಡೆರಡು ಸಲ ಕಳೆದಿದ್ದೆವು. ಫೋನ್ ಮಾಡಿ ಕರೆಸಿ ರೊಕ್ಕ ವಾಪಸ್ ಕೊಟ್ಟೆವು. ಬ್ಯಾಕಪ್ ಇದ್ದದ್ದು ಒಂಬತ್ತು ದಿನ ಹಳೆಯದು. ಆ ಒಂಬತ್ತು ದಿನದ್ದನ್ನು ಮತ್ತೆ ಕೂತು ಹೊಡೆದೆ. ಒಂದು ಸೆಕೆಂಡ್ ಹ್ಯಾಂಡ್ ಡಿಸ್ಕ್ ಹಾಕಿಸಿ ಹೇಗೋ ನಡೆಸುತ್ತಿದ್ದೇನೆ. ಬರುವ ತೊಗರಿ ಸುಗ್ಗಿಗೆ ಇದನ್ನು ನಂಬೋಕೆ ಆಗಲ್ಲ.

ಕೈಯಲ್ಲಿ ಮೂರು ಕೊಟೇಶನ್ ಇದೆ.

ಮೊದಲನೇದು 14,500. "ಐ5, 8 ಜಿಬಿ, 500 ಜಿಬಿ, 19 ಇಂಚು ಮಾನಿಟರ್, ಕೀಬೋರ್ಡ್, ಮೌಸ್, ಎಲ್ಲ ಸೇರಿ" ಅಂತ ಬರೆದಿದೆ. ಎರಡನೇದು 33,000, ಅಂಗಡಿಯವರೇ ಜೋಡಿಸಿ ಕೊಡೋದು. ಐ3-12100, ಎಚ್610 ಬೋರ್ಡ್, 8 ಜಿಬಿ, 512 ಜಿಬಿ ಎಸ್‌ಎಸ್‌ಡಿ, 22 ಇಂಚು ಮಾನಿಟರ್. ಮೂರನೇದು ಕಂಪನಿ ಡಬ್ಬ. ಅದೇ ಐ3, ಅದೇ ರ‍್ಯಾಮ್, ಅದೇ ಡಿಸ್ಕ್. ಮಾನಿಟರ್ ಸೇರಿ 46,000. ಮೂರು ವರ್ಷ ಮನೆಗೇ ಬಂದು ರಿಪೇರಿ ಅಂತೆ.

ಐ5 ಬಿಟ್ಟು ಐ3ಗೆ ಎರಡು ಪಟ್ಟು ಯಾಕೆ ಕೊಡಬೇಕು ಅಂತ ಅಪ್ಪ ಕೇಳುತ್ತಾರೆ. ನನಗೂ ಉತ್ತರ ಗೊತ್ತಿಲ್ಲ. ಗೇಮ್ ಆಡಲ್ಲ, ಸಿನಿಮಾ ನೋಡಲ್ಲ. ಸುಗ್ಗಿಯಲ್ಲಿ ಕೈಕೊಡಬಾರದು, ಅಷ್ಟೇ. 40 ಸಾವಿರ ದಾಟಬಾರದು.

ಬೀದರ್ ಹುಡುಗ

ಅಣ್ಣಾ, ಆ 14,500ರ ಐ5 ಮುಟ್ಟಬೇಡಿ! ಐ5 ಅಂದ ತಕ್ಷಣ ದೊಡ್ಡದು ಅಂತಲ್ಲ. ಎಷ್ಟನೇ ಜನರೇಶನ್ ಅಂತ ಕೇಳಿ. ಆ ರೇಟಿಗೆ ಸಿಗೋದು ಸಾಮಾನ್ಯವಾಗಿ ಐ5-2400 ಇಲ್ಲ 3470. ಅಂದರೆ 2011, 2012ರ ಮಾಲು. ನಿಮ್ಮ ಹಳೇ ಡಬ್ಬದ ವಾರಿಗೆಯದ್ದೇ ಇನ್ನೊಂದು, ಹೊಸ ಅಂಗಿ ಹಾಕಿಕೊಂಡು ಬಂದಿರುತ್ತೆ.

ನಾನು ಬೀದರ್‌ನಲ್ಲಿ ಬಿದ್ರಿ ಸಾಮಾನು ಮಾರುತ್ತೇನೆ. ಅಂಗಡಿ ಸಣ್ಣದು, ಟೇಬಲ್ ಮೇಲೆ ಹೂದಾನಿಗೇ ಜಾಗ ಸಾಲಲ್ಲ. ಹಾಗಾಗಿ ಸಿಕಂದರಾಬಾದ್‌ನ ಚಿನಾಯ್ ಟ್ರೇಡ್ ಸೆಂಟರ್ ಕಡೆ ಹೋಗಿ ರಿಫರ್ಬಿಶ್ಡ್ ಮಿನಿ ಪಿಸಿ ತಂದೆ. ಎರಡು ಟಿಫಿನ್ ಡಬ್ಬಿ ಪಕ್ಕಪಕ್ಕ ಇಟ್ಟಷ್ಟೇ ಗಾತ್ರ. ಐ5-8500ಟಿ, 16 ಜಿಬಿ, 256 ಎಸ್‌ಎಸ್‌ಡಿ, ಮಾನಿಟರ್ ಬಿಟ್ಟು 17,000 ಕೊಟ್ಟೆ. ದೊಡ್ಡ ಕಂಪನಿಗಳು ಆಫೀಸಿನಲ್ಲಿ ಬಳಸಿ ಬಿಟ್ಟದ್ದು. ಗಟ್ಟಿ ಇರುತ್ತೆ, ಕರೆಂಟ್ ಕಡಿಮೆ ತಿನ್ನುತ್ತೆ, ಸದ್ದೇ ಇಲ್ಲ.

ಆದರೆ ಮೋಸವನ್ನೂ ಹೇಳಿಬಿಡುತ್ತೇನೆ. ಇದು ನನ್ನ ಎರಡನೇದು. ಮೊದಲನೇದು ಬೇರೆ ಕಡೆ ತಗೊಂಡಿದ್ದೆ. ಬಿಲ್ ಇಲ್ಲದೆ, ಒಂದು ಚೀಟಿ ಮೇಲೆ "6 ತಿಂಗಳು ವಾರಂಟಿ" ಅಂತ ಪೆನ್ನಲ್ಲಿ ಬರೆದುಕೊಟ್ಟಿದ್ದರು. ಎರಡನೇ ತಿಂಗಳಿಗೆ ತಾನಾಗಿಯೇ ಆಫ್ ಆಗೋಕೆ ಶುರು. ಮೂರು ಸಲ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋದೆ. ಮೂರನೇ ಸಲ ಆ ಚೀಟಿ ಬರೆದ ಹುಡುಗ ಕೆಲಸ ಬಿಟ್ಟಿದ್ದಾನೆ ಅಂದರು. ಬಸ್ ಚಾರ್ಜು, ಅಂಗಡಿ ಬಾಗಿಲು ಹಾಕಿದ ದಿನ, ಎಲ್ಲ ಸೇರಿಸಿದರೆ ಉಳಿಸಿದ್ದೇನೂ ಇಲ್ಲ.

ರಿಫರ್ಬಿಶ್ಡ್ ತಗೊಂಡರೆ 8ನೇ ಜನರೇಶನ್‌ಗಿಂತ ಕೆಳಗೆ ಬೇಡ. ಅದಕ್ಕಿಂತ ಹಳೇದಕ್ಕೆ ವಿಂಡೋಸ್ 11 ಅಧಿಕೃತವಾಗಿ ಹೋಗಲ್ಲ. ವಿಂಡೋಸ್ 10ರ ಕಾಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಕೌಂಟರ್ ಮೇಲೇ ಆನ್ ಮಾಡಿಸಿ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಟಿಪಿಎಂ.ಎಂಎಸ್‌ಸಿ (tpm.msc) ಅಂತ ಹೊಡೆದು ನೋಡಿ, 2.0 ಅಂತ ಬರಬೇಕು. ಟಿಪಿಎಂ ಅಂದರೆ ವಿಂಡೋಸ್ 11 ಕೇಳೋ ಭದ್ರತೆಯ ಭಾಗ.

ಸ್ಕ್ರೂಡ್ರೈವರ್ ಕಾಕಾ, ಕಲಬುರಗಿ

ಬೀದರ್ ತಮ್ಮ ಹೇಳಿದ್ದು ಸರಿ ಇದೆ. ನಾನು ಈ ಊರಲ್ಲಿ 18 ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಮಾರೋದಿಲ್ಲ, ಬರೀ ಬಿಚ್ಚೋದು, ಕಟ್ಟೋದು. ಹಾಗಾಗಿ ನನಗೆ ಯಾವ ಕಡೆಯೂ ಲಾಭ ಇಲ್ಲ.

14,500ರ ಡಬ್ಬ ಬಿಚ್ಚಿದರೆ ಒಳಗೆ ಎಚ್61 ಅನ್ನೋ ಬೋರ್ಡ್ ಇರುತ್ತೆ. ಬೋರ್ಡ್ ಹೊಸದೇ, ಪ್ಲಾಸ್ಟಿಕ್ ಕೂಡ ತೆಗೆದಿರಲ್ಲ. ಆದರೆ ಆ ಚಿಪ್ 2011ರದ್ದು. ಮೇಲಿನ ಪ್ರೊಸೆಸರ್ ಯಾವುದೋ ಹಳೇ ಆಫೀಸಿನಿಂದ ಕಿತ್ತದ್ದು. 500 ಜಿಬಿ ಡಿಸ್ಕ್ ಎಷ್ಟು ಸಾವಿರ ಗಂಟೆ ತಿರುಗಿದೆಯೋ ಆ ಅಂಗಡಿಯವನಿಗೂ ಗೊತ್ತಿರಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದು ಗಂಟೆ ಲೆಕ್ಕ ತೋರಿಸುತ್ತೆ. ಒಂದು "ಹೊಸ" ಕಂಪ್ಯೂಟರ್‌ನಲ್ಲಿ ನಾನು 41 ಸಾವಿರ ಗಂಟೆ ನೋಡಿದ್ದೇನೆ. ನಾಲ್ಕೂವರೆ ವರ್ಷ ಬಿಡದೆ ತಿರುಗಿದ ಡಿಸ್ಕ್ ಅದು!

ನಂಬರ್ ಓದೋದು ಕಷ್ಟ ಅಲ್ಲ. ಐ3-12100 ಅಂದರೆ 12ನೇ ಜನರೇಶನ್. ಐ5-8500 ಅಂದರೆ 8ನೇದು. ಐ5-2400 ಅಂದರೆ 2ನೇದು. 12ನೇ ಐ3 ಮುಂದೆ 2ನೇ ಐ5 ಓಡೋದೇ ಇಲ್ಲ. ಅಪ್ಪನಿಗೆ ಹೀಗೆ ಹೇಳಿ: ಮುದಿ ಹೋರಿಗಿಂತ ಹರೆಯದ ಕರು ಮೇಲು. ಇನ್ನೊಂದು. ನಂಬರ್ ಕೊನೆಗೆ ಎಫ್ ಇದ್ದರೆ, ಅಂದರೆ 12100ಎಫ್ ಇದ್ದರೆ, ಬೇಡ. ಅದರಲ್ಲಿ ಡಿಸ್‌ಪ್ಲೇ ಇರಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕು. ಕಡಿಮೆ ರೇಟಿಗೆ ಕೊಡುತ್ತಾರೆ, ಆಮೇಲೆ ಕಾರ್ಡಿಗೆ ಬೇರೆ ಬಿಲ್.

ಡಿಸ್ಕ್ ವಿಷಯದಲ್ಲಿ ರಾಜಿ ಬೇಡ. ಎಸ್‌ಎಸ್‌ಡಿಯೇ ಬೇಕು. ತಿರುಗೋ ಡಿಸ್ಕ್ ಸೆಕೆಂಡಿಗೆ 100, 150 ಎಂಬಿ ಓದಿದರೆ ಹೆಚ್ಚು. ಸಾಧಾರಣ ಸಾಟಾ ಎಸ್‌ಎಸ್‌ಡಿ 500 ದಾಟುತ್ತೆ, ಇನ್ನೂ ವೇಗದ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಆದರೆ ಸಾವಿರಗಳಲ್ಲಿ. ವೇಗಕ್ಕಿಂತ ಮುಖ್ಯ, ಒಳಗೆ ತಿರುಗೋ ಭಾಗವೇ ಇಲ್ಲ. ನಿಮ್ಮದು ಟಕ್ ಟಕ್ ಅಂದಿತಲ್ಲ, ಅದು ಡಿಸ್ಕ್ ಒಳಗಿನ ಓದೋ ಮುಳ್ಳು, ತಿರುಗೋ ತಟ್ಟೆ ಮೇಲೆ ಜಾಗ ಹುಡುಕಿ ಸೋತ ಸದ್ದು. ಹಾಗಂತ ಎಸ್‌ಎಸ್‌ಡಿ ಸಾಯಲ್ಲ ಅಂತಲ್ಲ. ಸದ್ದಿಲ್ಲದೆ ಸಾಯುತ್ತೆ. ಅದಕ್ಕೇ ದಿನಾ ಬ್ಯಾಕಪ್, ಅಂಗಡಿ ಬಾಗಿಲು ಹಾಕೋ ಮೊದಲು, ಪೆನ್ ಡ್ರೈವ್‌ಗೆ. ಆ ಪೆನ್ ಡ್ರೈವ್ ಮನೆಗೆ ಹೋಗಬೇಕು, ಗಲ್ಲಾದಲ್ಲಿ ಇರಬಾರದು.

ರ‍್ಯಾಮ್ 8 ಜಿಬಿ ಸಾಕು. ಒಂದೇ ಕಡ್ಡಿಯಲ್ಲಿ 8 ಹಾಕಿಸಿ, ಇನ್ನೊಂದು ಸ್ಲಾಟ್ ಖಾಲಿ ಇರಲಿ. 2025ರ ಕೊನೆಯಿಂದ ರ‍್ಯಾಮ್ ರೇಟ್ ಭಾಳ ಏರಿದೆ. ಇಳಿದಾಗ ಇನ್ನೊಂದು ಹಾಕಿಕೊಳ್ಳಬಹುದು.

ಎಲ್ಲರೂ ಪ್ರೊಸೆಸರ್ ಬಗ್ಗೆ ಕೇಳುತ್ತಾರೆ. ನನ್ನ ಟೇಬಲ್‌ಗೆ ಪ್ರೊಸೆಸರ್ ಸುಟ್ಟು ಬಂದದ್ದು 18 ವರ್ಷದಲ್ಲಿ ಬೆರಳೆಣಿಕೆ. ಬರೋದೆಲ್ಲ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚೋ ಡಬ್ಬಿ), ಡಿಸ್ಕ್, ಬೋರ್ಡ್. ನಮ್ಮೂರಲ್ಲಿ ಕಂಪ್ಯೂಟರ್ ಕೊಲ್ಲೋದು ಮೂರು: ಕರೆಂಟು, ದೂಳು, ಬಿಸಿಲು.

ಅಂಗಡಿಯಲ್ಲಿ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಅಂತ ಕೇಳುತ್ತಾರೆ. ಕರೆಂಟ್ ಹೋದಾಗ ಎಸ್‌ಎಂಪಿಎಸ್ ತನ್ನೊಳಗೆ ಹಿಡಿದಿಟ್ಟ ಶಕ್ತಿಯಲ್ಲಿ ಸುಮಾರು 16 ಮಿಲಿಸೆಕೆಂಡ್ ತಡೆಯುತ್ತೆ. ಅಷ್ಟರೊಳಗೆ ಬದಲಿ ಬರಬೇಕು. ಫ್ಯಾನ್, ಲೈಟಿಗೆ ಅಂತ ಇಟ್ಟ ಇನ್ವರ್ಟರ್ ಅದಕ್ಕಿಂತ ತಡ ಮಾಡಬಹುದು. ಫ್ಯಾನಿಗೆ ಗೊತ್ತಾಗಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ. ಕೆಲವು ಇನ್ವರ್ಟರ್‌ನಲ್ಲಿ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತೆ. ಅದನ್ನಾದರೂ ಹಾಕಿ. ನನ್ನ ಮಾತು ಕೇಳೋದಾದರೆ 600 ವಿಎ ಯುಪಿಎಸ್ ಒಂದು ಪ್ರತ್ಯೇಕ ಇಡಿ. ಹೊಸದರಲ್ಲಿ ಹದಿನೈದು ನಿಮಿಷ ಬರುತ್ತೆ, ಕೆಲಸ ಸೇವ್ ಮಾಡಿ ಮುಚ್ಚೋಕೆ ಸಾಕು. ಒಳಗಿನ ಬ್ಯಾಟರಿಗೆ ಎರಡು, ಮೂರು ವರ್ಷ ಆಯಸ್ಸು. ನಮ್ಮ ಬಿಸಿಲಿಗೆ ಎರಡೇ ಅಂದುಕೊಳ್ಳಿ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ಇರೋ ಊರಲ್ಲಿ ಅದನ್ನು ತಗಡಿನ ಪತ್ರಾಸಿನ ಕೆಳಗೆ ಇಟ್ಟರೆ ಪಾಪ ಅದಾದರೂ ಏನು ಮಾಡೀತು.

ಅರ್ತಿಂಗ್. ಗಂಜ್‌ನ ಒಂದು ಅಂಗಡಿಗೆ ಹೋಗಿದ್ದೆ. ಆರು ತಿಂಗಳಲ್ಲಿ ಎರಡು ಬೋರ್ಡ್ ಹೋಗಿತ್ತು. ಮೀಟರ್ ಇಟ್ಟು ನೋಡಿದರೆ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ 38 ವೋಲ್ಟ್. ಒಂದು, ಎರಡರೊಳಗೆ ಇರಬೇಕು ಅದು. ಹಿಂದೆ ಹೋಗಿ ಅರ್ತಿಂಗ್ ಗುಂಡಿ ನೋಡಿದೆ. ಎರೆಮಣ್ಣು ಬಿಸಿಲಿಗೆ ಒಣಗಿ ಪೈಪಿನಿಂದ ಬೆರಳಗಲ ಬಿಟ್ಟುಕೊಂಡಿತ್ತು. ಮಣ್ಣಿಗೂ ಪೈಪಿಗೂ ಸಂಬಂಧವೇ ಇಲ್ಲ! ಎರಡು ಕೊಡ ನೀರು ಹಾಕಿಸಿದೆ, ಅರ್ಧ ಗಂಟೆಯಲ್ಲಿ 4ಕ್ಕೆ ಇಳಿಯಿತು. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹಾಕಿ ಅಂದೆ. ಆಮೇಲೆ ಆ ಅಂಗಡಿಯಿಂದ ನನಗೆ ಕೆಲಸ ಬಂದಿಲ್ಲ. ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಂಡ ಹಾಗೆ.

ದೂಳಿನ ಬಗ್ಗೆ ನಿಮಗೇನು ಹೇಳೋದು, ಗಂಜ್‌ನಲ್ಲೇ ಇದ್ದೀರಿ. ನೆಲದ ಮೇಲೆ ಇಡಬೇಡಿ. ಎರಡು ತಿಂಗಳಿಗೊಮ್ಮೆ ಹೊರಗೆ ತಂದು ಬ್ಲೋವರ್ ಹೊಡೆಯಿರಿ. ಹೊಡೆಯುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಬಿಟ್ಟರೆ ಗಿರಗಿರ ತಿರುಗಿ ಬೇರಿಂಗ್ ಹೋಗುತ್ತೆ.

ಇನ್ನು 33 ಸಾವಿರದ್ದಾ, 46 ಸಾವಿರದ್ದಾ? ಒಂದು ಪ್ರಶ್ನೆ ಕೇಳಿ: 33 ಸಾವಿರದಲ್ಲಿ ವಿಂಡೋಸ್ ಇದೆಯಾ? ನನ್ನ ಅಂದಾಜು, ಇರಲ್ಲ. "ಹಾಕಿಕೊಡುತ್ತೇವೆ" ಅಂತಾರೆ. ಹಾಕೋದು ಕಳ್ಳ ಕಾಪಿ. ಅದನ್ನು ಚಾಲೂ ಮಾಡೋ ಸಾಫ್ಟ್‌ವೇರ್ ಜೊತೆಗೆ ಏನೇನು ಒಳಗೆ ಬರುತ್ತೋ ದೇವರಿಗೇ ಗೊತ್ತು. ಬ್ಯಾಂಕ್ ವ್ಯವಹಾರ ಮಾಡೋ ಕಂಪ್ಯೂಟರ್ ಅಲ್ವಾ ಅದು? ಅಸಲಿ ವಿಂಡೋಸ್ ಬಿಡಿಯಾಗಿ ತಗೊಂಡರೆ ಹತ್ತಿರ ಹತ್ತಿರ ಕಂಪನಿ ಡಬ್ಬದ ರೇಟಿಗೇ ಬಂದು ನಿಲ್ಲುತ್ತೆ. ಕಂಪನಿ ಡಬ್ಬದಲ್ಲಿ ಅದು ಸೇರಿಯೇ ಇರುತ್ತೆ.

ಹೊಸ ಯೂಸರ್ 77

ಒಂದು ಲ್ಯಾಪ್‌ಟಾಪ್ ತಗೊಳ್ಳಿ ಸರ್. ಬ್ಯಾಟರಿ ಇರುತ್ತೆ, ಯುಪಿಎಸ್ ಚಿಂತೆಯೇ ಇಲ್ಲ.

ಸ್ಕ್ರೂಡ್ರೈವರ್ ಕಾಕಾ, ಕಲಬುರಗಿ

ತೊಗರಿ ದೂಳಿನಲ್ಲಿ ಲ್ಯಾಪ್‌ಟಾಪ್ ಇಟ್ಟು ನೋಡಿ, ಆಮೇಲೆ ನನ್ನ ಹತ್ತಿರ ಬನ್ನಿ. ಡೆಸ್ಕ್‌ಟಾಪ್‌ನ ಕೀಬೋರ್ಡ್ ಹೋದರೆ 400 ರೂಪಾಯಿ. ಲ್ಯಾಪ್‌ಟಾಪಿನ ಕೀಬೋರ್ಡ್ ಬದಲಿಸೋಕೆ ಅರ್ಧ ದಿನ ಬಿಚ್ಚಬೇಕು.

ಗಂಜ್ ಲೆಕ್ಕ, ಕಲಬುರಗಿ

ಮೊದಲು ಒಂದು ತಿದ್ದುಪಡಿ. ನಾನು ಅಣ್ಣ ಅಲ್ಲ, ಸರ್ರೂ ಅಲ್ಲ. ಅಕ್ಕ ಅನ್ನಿ, ನಡೆಯುತ್ತೆ. ಗಂಜ್ ಅಂದರೆ ಗಂಡಸರೇ ಅಂತ ಎಲ್ಲರ ಲೆಕ್ಕ.

ಕಾಕಾ, ನಿಮ್ಮ ಉತ್ತರ ಅಪ್ಪನಿಗೆ ಓದಿ ಹೇಳಿದೆ. ಮುದಿ ಹೋರಿ ಮಾತಿಗೆ ನಕ್ಕು, ಐ5 ಬೇಡ ಅಂತ ತಾವೇ ಹೇಳಿದರು. ಇವತ್ತು ಬೆಳಿಗ್ಗೆ ಹಮಾಲರ ಹುಡುಗನ ಕೈಲಿ ಅರ್ತಿಂಗ್ ಗುಂಡಿಗೆ ನೀರು ಹಾಕಿಸಿದ್ದೂ ಆಯಿತು.

33 ಸಾವಿರದವರಿಗೆ ಫೋನ್ ಮಾಡಿದೆ. ವಿಂಡೋಸ್ ಒರಿಜಿನಲ್ಲಾ ಅಂದೆ. "ಮೇಡಂ, ಎಲ್ಲರಿಗೂ ಅದೇ ಹಾಕಿಕೊಡೋದು, ಏನೂ ಆಗಲ್ಲ" ಅಂದರು. ನೀವು ಹೇಳಿದ ಹಾಗೇ ಆಯಿತು.

ಈಗ ನನ್ನ ನಿಜವಾದ ತಲೆನೋವು ಪಟ್ಟಿ ಸಾಫ್ಟ್‌ವೇರ್. ಮೂರೂ ಅಂಗಡಿಯಲ್ಲಿ ಕೇಳಿದೆ. ಒಬ್ಬರು "ಓಡುತ್ತೆ, ಓಡದೆ ಏನು" ಅಂದರು. ಒಬ್ಬರು ಹೊಸ ಸಾಫ್ಟ್‌ವೇರ್ ತಗೊಳ್ಳಿ, ವರ್ಷಕ್ಕೆ ಇಷ್ಟು ಅಂದರು. 14 ವರ್ಷದ ರೈತರ ಹೆಸರು, ಊರು, ಬಾಕಿ ಎಲ್ಲ ಅದರಲ್ಲಿದೆ. ಮತ್ತೆ ಆ 25 ಪಿನ್ ಪ್ರಿಂಟರ್?

ಸ್ಕ್ರೂಡ್ರೈವರ್ ಕಾಕಾ, ಕಲಬುರಗಿ

ತಂಗೀ, ಮೊದಲೇ ಇದನ್ನು ಸರಿಯಾಗಿ ಓದಬೇಕಿತ್ತು ನಾನು. "ಓಡುತ್ತೆ" ಅಂದವನು ಸುಮ್ನೆ ಹೇಳಿದ್ದಾನೆ. ಡಾಸ್ ಕಾಲದ, ಅಂದರೆ ವಿಂಡೋಸ್‌ಗೂ ಮುಂಚಿನ ಕಪ್ಪು ಪರದೆ ಕಾಲದ ಫಾಕ್ಸ್‌ಪ್ರೋ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡಲ್ಲ. ವಿಂಡೋಸ್ 11 ಇರೋದೇ 64 ಬಿಟ್‌ನಲ್ಲಿ. ಟ್ಯಾಲಿಯ ಹೊಸ ರೂಪ ಟ್ಯಾಲಿ ಪ್ರೈಮ್‌ಗೂ 64 ಬಿಟ್ಟೇ ಬೇಕು. ಅಂದರೆ ನಿಮ್ಮ ಎರಡು ಕೆಲಸಕ್ಕೂ ಒಂದಕ್ಕೊಂದು ಆಗಿಬರಲ್ಲ. ಅತ್ತೆ ಸೊಸೆ ಹಾಗೆ.

ದಾರಿ ಇದೆ. ವಿಡಾಸ್ ಅಂತ ಒಂದು ಸಣ್ಣ ಸಾಫ್ಟ್‌ವೇರ್ ಬರುತ್ತೆ. ಹಳೇ ಡಾಸ್ ಲೆಕ್ಕದ ಪ್ರೋಗ್ರಾಂಗಳನ್ನು 64 ಬಿಟ್ ವಿಂಡೋಸ್ ಮೇಲೆ ಓಡಿಸೋಕೇ ಅಂತ ಮಾಡಿದ್ದು. ನಿಮ್ಮ ಕಪ್ಪು ಪರದೆ ಒಂದು ಕಿಟಕಿ ಒಳಗೆ ಹಾಗೇ ಬರುತ್ತೆ. ಪ್ರಿಂಟನ್ನು ಅದೇ ಹಿಡಿದು ವಿಂಡೋಸ್‌ನ ಪ್ರಿಂಟರ್‌ಗೆ ಕಳಿಸುತ್ತೆ. ಹಾಗಾಗಿ ಕಂಪ್ಯೂಟರ್‌ನಲ್ಲಿ 25 ಪಿನ್ ಜಾಗ ಬೇಕಿಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ (ಹಳೇ ಪ್ರಿಂಟರ್ ಪ್ಲಗ್‌ಗೆ) ಬದಲಿಸೋ ಕೇಬಲ್ ಸಾಕು. ಗೊತ್ತಿರಲಿ, ಆ ಕೇಬಲ್ ಹಾಕಿದ ತಕ್ಷಣ ಎಲ್‌ಪಿಟಿ1 ಅನ್ನೋ ಹಳೇ ಪ್ರಿಂಟರ್ ಪೋರ್ಟ್ ಹುಟ್ಟಲ್ಲ. ಯುಎಸ್‌ಬಿ001 ಅಂತ ಒಂದು ಪೋರ್ಟ್ ಬರುತ್ತೆ, ಪ್ರಿಂಟರನ್ನು ಅದಕ್ಕೆ ಕಟ್ಟಬೇಕು. ಅರ್ಧ ಜನ ಇಲ್ಲೇ ಸೋತು ಕೇಬಲ್ ಕೆಟ್ಟಿದೆ ಅಂತ ವಾಪಸ್ ಕೊಡುತ್ತಾರೆ.

ತಗೊಳ್ಳೋ ಮೊದಲು ನಿಮ್ಮ ಪಟ್ಟಿ ಫೋಲ್ಡರ್ ಪೂರ್ತಿ ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು, ಪ್ರಿಂಟರನ್ನೂ ಆಟೋದಲ್ಲಿ ಹಾಕಿಕೊಂಡು ಅಂಗಡಿಗೇ ಹೋಗಿ. ಅವರ ಟೇಬಲ್ ಮೇಲೆ ಒಂದು ಪಟ್ಟಿ ಹೊರಗೆ ಬರಲಿ, ಆಮೇಲೆ ರೊಕ್ಕ ಕೊಡಿ. ಆ ಫೋಲ್ಡರ್‌ನಲ್ಲಿ ಡಿಬಿಎಫ್ ಅಂತ ಕೊನೆಯಾಗೋ ಫೈಲ್‌ಗಳಿರುತ್ತವೆ. ರೈತರ ಹೆಸರು, ಬಾಕಿ ಅದರಲ್ಲೇ. ಲಿಬ್ರೆಆಫೀಸ್‌ನಲ್ಲಿ ಅವು ತೆರೆಯುತ್ತವೆ. ನಾಳೆ ಸಾಫ್ಟ್‌ವೇರ್ ಸತ್ತರೂ ಲೆಕ್ಕ ಸಾಯಲ್ಲ.

ಯಾದಗಿರಿ ಟ್ಯಾಕ್ಸ್

ಅಕ್ಕಾ, ಬಿಲ್ ವಿಷಯದಲ್ಲಿ ನನ್ನದೊಂದು ಮಾತು. ಯಾದಗಿರಿಯಲ್ಲಿ ಅಡತ್ ಅಂಗಡಿಗಳ ಲೆಕ್ಕವನ್ನೇ ನೋಡೋದು ನಾನು. ಕಂಪ್ಯೂಟರ್ ಮೇಲೆ 18% ಜಿಎಸ್‌ಟಿ ಇರುತ್ತೆ. "ಇನ್‌ಪುಟ್ ಸಿಗುತ್ತೆ ಮೇಡಂ, ಆ ರೊಕ್ಕ ವಾಪಸ್ ಬಂದ ಹಾಗೆ" ಅಂತ ಅಂಗಡಿಯವರು ಹೇಳುತ್ತಾರೆ, ನಂಬಬೇಡಿ. ಇನ್‌ಪುಟ್ ಅಂದರೆ ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟೋ ಜಿಎಸ್‌ಟಿಯಲ್ಲಿ ಕಳೆದುಕೊಳ್ಳೋದು. ರೈತರ ಮಾಲು ಮಾರಿಸಿದ ಕಮಿಷನ್‌ಗೆ ಜಿಎಸ್‌ಟಿ ವಿನಾಯಿತಿ ಇದೆ. ವಿನಾಯಿತಿ ಇರೋ ಕೆಲಸಕ್ಕೆ ಇನ್‌ಪುಟ್ ಸಿಗಲ್ಲ. ಅಡತ್ ಒಂದೇ ವ್ಯವಹಾರ ಆದರೆ ತೆರಿಗೆ ಸೇರಿದ ಪೂರ್ತಿ ಬೆಲೆಯೇ ನಿಮ್ಮ ಖರ್ಚು. ಆದಾಯ ತೆರಿಗೆ ಲೆಕ್ಕದಲ್ಲಿ ಆ ಪೂರ್ತಿ ಬೆಲೆ ಮೇಲೆ ಮೊದಲ ವರ್ಷ 40%, ಆಮೇಲೆ ಪ್ರತಿ ವರ್ಷ ಉಳಿದ ಮೊತ್ತದ 40% ಸವಕಳಿ ತೋರಿಸಬಹುದು, ಅದೇ ಸಮಾಧಾನ.

ಎರಡು ಎಚ್ಚರ. ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಸವಕಳಿ ಅರ್ಧಕ್ಕೆ ಇಳಿಯುತ್ತೆ. ಹಾಗಾಗಿ ಸೆಪ್ಟೆಂಬರ್ ಮುಗಿಯೋದರೊಳಗೆ ತಗೊಂಡು ಚಾಲೂ ಮಾಡಿಬಿಡಿ. ಇನ್ನೊಂದು, ಗಂಜ್‌ನವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಮೊತ್ತ ಸವಕಳಿಗೆ ಲೆಕ್ಕಕ್ಕೇ ಬರಲ್ಲ. ಚೆಕ್ ಕೊಡಿ ಇಲ್ಲ ಬ್ಯಾಂಕಿನಿಂದ ಹಾಕಿ. ಬಿಲ್ ಅಂಗಡಿ ಹೆಸರಿಗೇ ಇರಲಿ, ನಿಮ್ಮ ಹೆಸರಿಗೆ ಬೇಡ.

ಗಂಜ್ ಲೆಕ್ಕ, ಕಲಬುರಗಿ

ಐದು ವಾರದ ಮೇಲೆ ಬರುತ್ತಿದ್ದೇನೆ, ಕ್ಷಮಿಸಿ. ಹೆಸರು, ಉದ್ದಿನ ಆವಕ ಶುರುವಾಗಿತ್ತು.

ತಗೊಂಡೆ. ಹೇಗೆ ಆರಿಸಿದೆ ಅಂದರೆ ನೀವು ನಗುತ್ತೀರಿ. ಕಂಪನಿ ಡಬ್ಬವನ್ನೇ ಮಾರುವ ಮೂರು ಅಂಗಡಿ ಹಿಡಿದೆ. ರೇಟು ಎಲ್ಲ ಕಡೆ ಸಾವಿರ, ಎರಡು ಸಾವಿರದ ಫರಕು. ಒಂದು ಶನಿವಾರ ಸಂಜೆ ಏಳೂವರೆಗೆ ಮೂವರಿಗೂ ಫೋನ್ ಮಾಡಿದೆ. "ನಮ್ಮ ಪ್ರಿಂಟರ್ ಹೊಡೀತಿಲ್ಲ, ರೈತರು ಕೂತಿದ್ದಾರೆ, ಏನು ಮಾಡಲಿ" ಅಂದೆ. ಸುಳ್ಳೇ. ಒಬ್ಬರು ಎತ್ತಲಿಲ್ಲ. ಒಬ್ಬರು ಸೋಮವಾರ ನೋಡೋಣ ಅಂದರು. ಮೂರನೆಯವರ ಹಿಂದೆ ಟಿವಿ ಸದ್ದು ಕೇಳುತ್ತಿತ್ತು, ಊಟಕ್ಕೆ ಕೂತಿದ್ದರು ಅನಿಸುತ್ತೆ. "ಅಕ್ಕಾರೆ, ಆನ್‌ಲೈನ್ ಅನ್ನೋ ಹಸಿರು ಲೈಟ್ ಹತ್ತಿದೆಯಾ ನೋಡಿ" ಅಂದರು. ಹತ್ತಿದೆ ಅಂದೆ. "ಹಿಂದಿನ ಕೇಬಲ್ ಸ್ಕ್ರೂ ಸಡಿಲ ಇದೆಯಾ?" ಅಂದರು. ನನಗೇ ನಾಚಿಕೆಯಾಗಿ, "ಹಾಂ, ಹಾಂ, ಬಂತು ಬಂತು" ಅಂತ ಇಟ್ಟೆ. ಸೋಮವಾರ ಹೋಗಿ ಅಲ್ಲೇ ತಗೊಂಡೆ. ಆ ಫೋನಿನ ವಿಷಯ ಅವರಿಗೆ ಇನ್ನೂ ಹೇಳಿಲ್ಲ.

ಹೊಸ ಮಾನಿಟರ್ ಬಿಟ್ಟುಬಿಟ್ಟೆ. ಹಳೇ 19 ಇಂಚಿಂದು ಚೆನ್ನಾಗೇ ಇದೆ, ಹೊಸ ಡಬ್ಬದ ಹಿಂದೆ ಅದಕ್ಕೆ ಬೇಕಾದ ವಿಜಿಎ ಜಾಗವೂ ಇತ್ತು. 12ನೇ ಜನರೇಶನ್ ಐ3, 8 ಜಿಬಿ ಒಂದೇ ಕಡ್ಡಿ, 512 ಎಸ್‌ಎಸ್‌ಡಿ, ವಿಂಡೋಸ್ 11 ಒಳಗೇ, ಮೂರು ವರ್ಷ ಅಂಗಡಿಗೇ ಬಂದು ರಿಪೇರಿ. 37,500. ಯುಪಿಎಸ್ 3,200. ಯುಎಸ್‌ಬಿ ಪ್ಯಾರಲಲ್ ಕೇಬಲ್ 650. ಒಟ್ಟು 41,350. ಬಜೆಟ್ 1,350 ದಾಟಿತು, ಅಪ್ಪನಿಗೆ ಯುಪಿಎಸ್ ಬೇರೆ ಖಾತೆ ಅಂತ ಹೇಳಿದ್ದೇನೆ. ಯಾದಗಿರಿಯವರೇ, ಚೆಕ್ ಕೊಟ್ಟೆ, ಸೆಪ್ಟೆಂಬರ್‌ನಲ್ಲೇ ಚಾಲೂ ಆಯಿತು.

ಕಾಕಾ ಹೇಳಿದ ಹಾಗೆ ಪ್ರಿಂಟರನ್ನು ಆಟೋದಲ್ಲಿ ಹಾಕಿಕೊಂಡು ಹೋಗಿದ್ದೆ. ಅಂಗಡಿಯ ಹುಡುಗರಿಗೆ ಡಾಟ್ ಮ್ಯಾಟ್ರಿಕ್ಸ್ ನೋಡಿ ಖುಷಿ, ವಸ್ತುಪ್ರದರ್ಶನಕ್ಕೆ ತಂದ ಹಾಗೆ. ವಿಡಾಸ್ ಹಾಕಿದರು, ಕಪ್ಪು ಪರದೆ ಬಂತು. ಮೊದಲ ಸಲ ಪ್ರಿಂಟ್ ಕೊಟ್ಟಾಗ ಏನೂ ಇಲ್ಲ. ಯುಎಸ್‌ಬಿ001 ನೋಡಿ ಅಂದೆ. "ನಿಮಗೆ ಹೇಗೆ ಗೊತ್ತು ಮೇಡಂ?" ಅಂದ ಹುಡುಗ. ಎರಡನೇ ಸಲ ಕರ್ರ್ ಅಂತು. ಆದರೆ ಅಕ್ಷರ ಹಾಳೆಯ ಎಡ ಅಂಚಿನಿಂದ ಆಚೆ ಹೋಗುತ್ತಿತ್ತು. ಕಾಗದದ ಅಳತೆ ಎ4 ಅಂತ ಇತ್ತು, ನಮ್ಮದು ಅರ್ಧ ಹಾಳೆ. ಅದನ್ನು ಸರಿ ಮಾಡೋಕೆ ಒಂದು ಗಂಟೆ ಮೇಲೆ ಹಿಡಿಯಿತು. ಇದು ಅಂಗಡಿಗೆ ಬಂದ ಮೇಲೆ, ರೈತರ ಮುಂದೆ ಆಗಿದ್ದರೆ?

ಹೋದ ವಾರ ಮೂರು ಸಲ ಕರೆಂಟ್ ಹೋಗಿ ಬಂತು. ಯುಪಿಎಸ್ ಪೀಂ ಪೀಂ ಅಂತು, ಪಟ್ಟಿ ನಿಲ್ಲಲಿಲ್ಲ. ಅಪ್ಪ ಗಾದಿ ಮೇಲಿಂದ ತಲೆ ಎತ್ತಿ ನೋಡಿ, ಮತ್ತೆ ಪೇಪರ್ ಓದಿದರು.

ಬೀದರ್ ಹುಡುಗ

ಅಕ್ಕಾ, ಶನಿವಾರದ ಫೋನ್ ಐಡಿಯಾ ಮೊದಲೇ ಗೊತ್ತಿದ್ದರೆ ನನಗೆ ಮೂರು ಸಲದ ಬಸ್ ಚಾರ್ಜು ಉಳೀತಿತ್ತು. ಹಳೇ ಡಬ್ಬ ಏನು ಮಾಡಿದಿರಿ?

ಗಂಜ್ ಲೆಕ್ಕ, ಕಲಬುರಗಿ

ಮೂಲೆಯಲ್ಲಿದೆ. ಈ ಸುಗ್ಗಿ ಮುಗಿಯೋವರೆಗೆ ಮಾರಬೇಡ ಅಂದಿದ್ದಾರೆ ಅಪ್ಪ. ಅದರ ಮೇಲೆ ಪಟ್ಟಿ ಪುಸ್ತಕ, ಅದರ ಮೇಲೆ ಹೊಸ ಕಾರ್ಬನ್ ಹಾಳೆಯ ಡಬ್ಬಿ ಇಟ್ಟಿದ್ದಾರೆ. ನಿನ್ನೆ ತಾವೇ ಹೋಗಿ ತಂದದ್ದು, ನೂರು ಹಾಳೆಯದ್ದು.